ವರ್ಷಗಟ್ಟಲೆ ನುಂಗಿದ ಶಾಮಕ ಮಾತ್ರೆ: ಕಡಿಮೆ ಮಾಡುವ ಮುನ್ನ ವೈದ್ಯರು ತೂಗಬೇಕಾದದ್ದು

ಆತಂಕದ ಕಾಯಿಲೆಗೆಂದು ಹತ್ತು ವರ್ಷಗಳಿಂದ ಅಲ್ಪ್ರಜೋಲಮ್ ಎಂಬ ಶಾಮಕ ಮಾತ್ರೆ ನುಂಗುತ್ತಿರುವ ರೋಗಿಯೊಬ್ಬರು ಮೊದಲ ಬಾರಿ ನಿಮ್ಮ ಮುಂದೆ ಕುಳಿತಾಗ, ಚೀಟಿ ಬರೆದುಕೊಡಬೇಕೇ, ಬೇಡವೇ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ನಿರಾಕರಿಸಿದರೆ ತಮ್ಮ ಹೊಣೆ ಮುಗಿಯಿತೆಂದು ಭಾವಿಸುವವರಿದ್ದಾರೆ. ಆದರೆ ಅಲ್ಪ್ರಜೋಲಮ್ ಸೇರಿದ ಬೆಂಜೋಡಯಾಜೆಪಿನ್ ಗುಂಪಿನ ಔಷಧಿಯನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ, ಕೆಲವೊಮ್ಮೆ ಸಾವೂ ಸಂಭವಿಸಬಹುದು. ಆದ್ದರಿಂದ ಮುಂದಿನ ಯೋಜನೆ ಸಿದ್ಧವಾಗುವವರೆಗೆ ಮಾತ್ರೆಯನ್ನು ಮುಂದುವರಿಸುವುದೇ ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾದ ತೀರ್ಮಾನ.

ಅವಲಂಬನೆ ಬೇರೆ, ಚಟ ಬೇರೆ. ವೈದ್ಯರು ಹೇಳಿದ ಪ್ರಮಾಣವನ್ನು ಒಮ್ಮೆಯೂ ಮೀರದವರ ದೇಹವೂ ಕೆಲವು ವಾರಗಳಲ್ಲೇ ಈ ಔಷಧಿಗೆ ಒಗ್ಗಿಹೋಗುತ್ತದೆ. ಅಂಥವರನ್ನು ಚಟಗಾರರಂತೆ ಕಾಣುವುದು ಅನ್ಯಾಯ, ಏಕೆಂದರೆ ಚೀಟಿ ಬರೆದದ್ದು ನಮ್ಮ ವೃತ್ತಿಯವರೇ. ಈ ಮಾತನ್ನು ರೋಗಿಯ ಎದುರಿನಲ್ಲೇ ಒಪ್ಪಿಕೊಳ್ಳಿ. ಅವರು ಬಚ್ಚಿಟ್ಟ ಸಂಗತಿಗಳು ಹೊರಬರುವುದು ಆಮೇಲೆಯೇ.

ಅನಂತರ ಅಪಾಯವನ್ನು ಆ ವ್ಯಕ್ತಿಯ ಬದುಕಿಗೆ ಹೊಂದಿಸಿ ಅಳೆಯಿರಿ. ವಯಸ್ಸಾದವರಲ್ಲಿ ಬಿದ್ದು ಮೂಳೆ ಮುರಿಯುವ ಭಯವಿದೆ, ವಾಹನ ನಡೆಸುವವರಲ್ಲಿ ಮಂಪರಿನ ಭಯವಿದೆ. ಒಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕಗಳನ್ನೋ ಮದ್ಯವನ್ನೋ ಜೊತೆಗೆ ಸೇವಿಸುವವರಲ್ಲಿ ಉಸಿರಾಟವೇ ಕುಗ್ಗಬಹುದಾದ್ದರಿಂದ ಅಲ್ಲಿ ವಿಳಂಬಕ್ಕೆ ಎಡೆಯಿಲ್ಲ. ಇವಾವುದೂ ಇಲ್ಲದೆ, ಸಣ್ಣ ಪ್ರಮಾಣದಲ್ಲಿ ನೆಮ್ಮದಿಯಾಗಿರುವವರನ್ನು ಕೇವಲ ನಿಯಮದ ಹೆಸರಿನಲ್ಲಿ ಬಲವಂತವಾಗಿ ಬಿಡಿಸುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯಲ್ಲ.

ಕಡಿಮೆ ಮಾಡಲು ರೋಗಿ ಒಪ್ಪಿದರೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಆಗಿನ ಡೋಸಿನ ಶೇ. 5ರಿಂದ 10ರಷ್ಟನ್ನು ಇಳಿಸುತ್ತ ಹೋಗಿ. ಇದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇದೇ ಗುಂಪಿನ ಡಯಾಜೆಪಾಮ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಕೆಲವರನ್ನು ಅದಕ್ಕೆ ಬದಲಾಯಿಸಿ ಇಳಿಸುವುದುಂಟು, ಆದರೆ ವೃದ್ಧರಲ್ಲಿ ಮತ್ತು ಯಕೃತ್ತಿನ ತೊಂದರೆಯಿರುವವರಲ್ಲಿ ಅದೇ ಗುಣ ತೊಡಕಾಗುತ್ತದೆ. ಆತಂಕಕ್ಕೆ ಬೇರೆ ಆಸರೆ, ಅಂದರೆ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಗಳನ್ನು ಮಾತುಕತೆಯಿಂದ ತಿದ್ದುವ ಚಿಕಿತ್ಸೆ) ಅಥವಾ ಸೂಕ್ತವಾದ ಖಿನ್ನತೆ ನಿವಾರಕ ಔಷಧಿ, ಇಳಿಕೆಗೆ ಮೊದಲೇ ನೆಲೆಯೂರಿರಲಿ.

ಮಾತ್ರೆಯನ್ನು ಉಗುರಿನಿಂದ ಒತ್ತಿ ಎರಡು ಹೋಳು ಮಾಡಿ, ಉದುರಿದ ಪುಡಿಯನ್ನೂ ಬೆರಳ ತುದಿಗೆ ಅಂಟಿಸಿಕೊಂಡು ನೆಕ್ಕುವವರ ಭಯ ಎಷ್ಟು ಆಳವಾದದ್ದೆಂದು ಯೋಚಿಸಿ. ಅಂಥವರಿಗೆ ತಿಳಿಸದೆ ಡೋಸ್ ಇಳಿಸುವುದು, ಅಥವಾ ಮನೆಯವರ ಮೂಲಕ ಬೇರೆ ಮಾತ್ರೆ ಕೊಡಿಸುವುದು, ಒಳ್ಳೆಯ ಉದ್ದೇಶದಿಂದ ಮಾಡಿದರೂ ಮೋಸವೇ. ಅದು ಬಯಲಾದ ದಿನ ಆ ರೋಗಿ ಇನ್ನಾವ ವೈದ್ಯರನ್ನೂ ನಂಬಲಾರರು. ಇಳಿಕೆಯ ವೇಗವನ್ನು ಅವರೇ ಹೇಳಲಿ. ನಿದ್ರೆ ಕೆಟ್ಟು ಎದೆ ಬಡಿತ ಹೆಚ್ಚಿದ ವಾರಗಳಲ್ಲಿ ಅದೇ ಡೋಸಿನಲ್ಲಿ ನಿಲ್ಲುವ ಹಕ್ಕು ಅವರದು, ಮತ್ತು ಹಾಗೆ ನಿಂತದ್ದನ್ನು ಕಡತದಲ್ಲಿ ಸೋಲೆಂದು ಬರೆಯಬೇಡಿ.

ಡೋಸ್ ಇಳಿಸುವುದೇ ಬೇಡವೆಂದು ರೋಗಿ ಹೇಳಿದರೆ? ಕಾರಣ ಕೇಳಿ, ಅಪಾಯಗಳನ್ನು ತಿಳಿಸಿ, ಮೂರು ತಿಂಗಳ ನಂತರ ಮತ್ತೆ ಮಾತನಾಡಿ. ಪ್ರಾಣಕ್ಕೆ ಅಥವಾ ಇತರರಿಗೆ ಸ್ಪಷ್ಟ ಅಪಾಯ ಕಂಡಾಗ ಮಾತ್ರ ಅವರ ಇಚ್ಛೆಯನ್ನು ಮೀರಬಹುದು, ಆಗಲೂ ಒಮ್ಮೆಲೇ ನಿಲ್ಲಿಸದೆ, ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ದಾಖಲಿಸಿಕೊಂಡು. ನೀವು ಬೇರೆಡೆಗೆ ಹೋಗುವುದಿದ್ದರೆ ಈಗಿನ ಡೋಸ್, ಮುಂದಿನ ಇಳಿಕೆಯ ದಿನಾಂಕ ಮತ್ತು ರೋಗಿಯೊಂದಿಗೆ ಆದ ಒಪ್ಪಂದವನ್ನು ಬರೆದು, ಆ ಕಾಗದದ ಒಂದು ಪ್ರತಿಯನ್ನು ರೋಗಿಯ ಕೈಗೇ ಕೊಟ್ಟು ಹೋಗಿ.