ಪೆಂಫಿಗಾಯ್ಡ್ ಇದ್ದಾಗ ಬಾಯಿ ನೋಡಿಕೊಳ್ಳುವುದು ಹೇಗೆ?

ನನಗೆ ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್ ಇದೆ. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು, ಬಾಯಿ, ಕಣ್ಣಿನ ಒಳಪೊರೆಯನ್ನು ಹಿಡಿದಿಡುವ ಪ್ರೋಟೀನುಗಳ ಮೇಲೆ ದಾಳಿ ಮಾಡುತ್ತದೆ. ಪೊರೆ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಇದು ಅಂಟುರೋಗವಲ್ಲ.

ವಸಡು ಉರಿಯುತ್ತದೆ ಅಂತ ಹಲ್ಲುಜ್ಜುವುದನ್ನು ಬಿಡಬೇಡಿ. ಕೊಳೆ ಕೂತರೆ ವಸಡು ಇನ್ನೂ ಜಾಸ್ತಿ ಕೆಡುತ್ತದೆ. ತೀರಾ ಮೆತ್ತಗಿನ ಬ್ರಷ್ ತೆಗೆದುಕೊಳ್ಳಿ. ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಅನ್ನೋ ರಾಸಾಯನಿಕ ಇರಬಾರದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಜೆಲ್ ಹಚ್ಚುವ ಮೊದಲು ಆ ಜಾಗವನ್ನು ಮೆಲ್ಲಗೆ ಒತ್ತಿ ಒಣಗಿಸಿ. ಒದ್ದೆ ವಸಡಿಗೆ ಜೆಲ್ ಸರಿಯಾಗಿ ಅಂಟುವುದಿಲ್ಲ. ಆಮೇಲೆ ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ. ನಾನು ಮಲಗುವ ಮುಂಚೆ ಹಚ್ಚುತ್ತೇನೆ. ಆಗ ಮಾತಾಡುವ ಚಪಲವೂ ಇರುವುದಿಲ್ಲ ಅಲ್ವಾ! ಬಾಯಲ್ಲಿ ಬಿಳಿ ಮಚ್ಚೆ ಕಂಡರೆ ಫಂಗಸ್ ಇರಬಹುದು, ಡಾಕ್ಟರಿಗೆ ಹೇಳಿ.

ಬಾಯಿಗಿಂತ ನನಗೆ ಹೆದರಿಕೆ ಕಣ್ಣಿನದು. ಕೆಂಪಾಗುವುದು, ಮರಳು ಬಿದ್ದಂತೆ ಚುಚ್ಚುವುದು ಶುರುವಾದರೆ ಅಲರ್ಜಿ ಅಂತ ಸುಮ್ನೆ ಕೂರಬೇಡಿ. ಒಳಗೆ ಗಾಯ ಕಲೆಗಟ್ಟಿದರೆ ದೃಷ್ಟಿಯೇ ಹೋಗಬಹುದು. ತೊಂದರೆ ಇಲ್ಲದಿದ್ದರೂ ಕಣ್ಣಿನ ಡಾಕ್ಟರಿಗೆ ತೋರಿಸುತ್ತಿರಿ. ಧ್ವನಿ ಒಡೆದರೆ, ನುಂಗಲು ಕಷ್ಟವಾದರೆ ಬೇಗ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯದೆ ಎಮರ್ಜೆನ್ಸಿಗೆ ಹೋಗಿ.