ಹ್ಯಾಲೋವೀನ್ ಮುಖವಾಡ ಕಂಡು ಪುಟ್ಟ ಮಗು ಹೆದರಿದರೆ

ಮಕ್ಕಳು ದೆವ್ವ-ಭೂತದಂಥ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬ ಕ್ಯಾಲೆಂಡರಿನಲ್ಲಿ ಇರುವುದು ಅಕ್ಟೋಬರ್ 31ಕ್ಕೆ. ಎರಡು ವರ್ಷದ ಮಗುವಿಗೆ ಮಾತ್ರ ಅದು ತಿಂಗಳ ಮೊದಲೇ ಶುರುವಾಗಿಬಿಡುತ್ತದೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಸೆಪ್ಟೆಂಬರ್ ಹೊತ್ತಿಗಾಗಲೇ ಅಸ್ಥಿಪಂಜರ, ಮಾಟಗಾತಿ, ಬಿಳಿ ಬಟ್ಟೆಯ ದೆವ್ವ ಎಲ್ಲ ಸಾಲಾಗಿ ನಿಂತಿರುತ್ತವೆ. ಕೆಲವಕ್ಕೆ ಸೆನ್ಸರ್ ಇರುತ್ತದೆ. ತಳ್ಳುಗಾಡಿ ಹತ್ತಿರ ಬಂದದ್ದೇ ತಡ, ಕಣ್ಣು ಕೆಂಪಾಗಿ ಹೊಳೆದು, ಕೈ ಮೇಲೆದ್ದು, ಗೊಂಬೆ ಕಿರುಚುತ್ತದೆ. ಗಾಡಿಯಲ್ಲಿ ಕೂತ ಮಗುವಿನ ಮುಖದ ಎತ್ತರಕ್ಕೇ ಆ ಕಣ್ಣು. ಎಷ್ಟೋ ಮಕ್ಕಳಿಗೆ ಮೊದಲ ಭಯ ಹತ್ತುವುದು ಇಲ್ಲಿ, ಹಾಲು-ಮೊಸರು ತರಲು ಹೋದ ಹೊತ್ತಿನಲ್ಲಿ. ಹಾಗಾಗಿ ತಯಾರಿಯನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮೊದಲು ಒಂದು ವಿಷಯ ಅರ್ಥವಾಗಬೇಕು. ನಮಗೆ ಮುಖವಾಡ ಎಂದರೆ ಮುಖದ ಮೇಲಿನ ಹೊದಿಕೆ. ಮೂರು ವರ್ಷದೊಳಗಿನ ಮಗುವಿಗೆ ಮುಖ ಬದಲಾಯಿತು ಎಂದರೆ ಆಳೇ ಬದಲಾದ ಹಾಗೆ. 1969ರಲ್ಲಿ ರೀಟಾ ಡಿವ್ರೀಸ್ ಎಂಬ ಸಂಶೋಧಕಿ ಮೇನಾರ್ಡ್ ಎಂಬ ಸಾಧು ಬೆಕ್ಕಿಗೆ ಉಗ್ರವಾದ ನಾಯಿಯ ಮುಖವಾಡ ತೊಡಿಸಿ ಮಕ್ಕಳಿಗೆ ತೋರಿಸಿದರು. ಮುಖವಾಡ ಹಾಕುವಾಗ ಬೆಕ್ಕಿನ ಹಿಂಭಾಗ ಮಕ್ಕಳ ಕಣ್ಣಿಗೆ ಕಾಣುತ್ತಲೇ ಇತ್ತು. ಆದರೂ ಮೂರು ವರ್ಷದ ಹಲವರು ಅದು ನಾಯಿಯೇ ಆಯಿತು ಎಂದು ನಂಬಿದರು. ಆರು ವರ್ಷದವರು ಆ ಮೋಸಕ್ಕೆ ಸಿಗಲಿಲ್ಲ. ಹೀಗಿರುವಾಗ “ಅದು ಬರೀ ಮುಖವಾಡ ಕಣೋ, ಒಳಗೆ ಅಂಕಲ್ ಇದಾರೆ” ಎಂಬ ಸಮಾಧಾನ ಎರಡು ವರ್ಷದ ಮಗುವಿಗೆ ನಾಟುವುದಿಲ್ಲ. ಅಪರಿಚಿತರು ಎದುರಿಗೇ ಮುಖವಾಡ ಕಿತ್ತು ನಕ್ಕರೆ ಅಳು ಜೋರಾಗುವುದೂ ಇದೇ ಕಾರಣಕ್ಕೆ: ಒಂದು ಹೊಸ ಮುಖವೇ ಸಾಕಾಗಿತ್ತು, ಈಗ ಎರಡಾದವು.

ಮಾತು ನಾಟದ ವಯಸ್ಸಿನಲ್ಲಿ ನಾಟುವುದು ನಿಮ್ಮ ಮುಖ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಕೂಸುಗಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನಡಿಯಲ್ಲಿ ಸುಮಾರು 30 ಸೆಂಟಿಮೀಟರ್ ಆಳದ ತಗ್ಗು ಇದ್ದಂತೆ ಕಾಣುತ್ತಿತ್ತು. ಆಚೆ ತುದಿಯಲ್ಲಿ ಅಮ್ಮ ನಗುತ್ತಾ ನಿಂತಾಗ 19 ಕೂಸುಗಳಲ್ಲಿ 14 ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ದೆವ್ವದ ಗೊಂಬೆ ಕಂಡ ಕ್ಷಣ ಮಗು ಮೊದಲು ಗೊಂಬೆ ನೋಡಿ, ಆಮೇಲೆ ತಟ್ಟನೆ ನಿಮ್ಮ ಕಡೆ ತಿರುಗುತ್ತದೆ. ಆ ಅರೆಕ್ಷಣದಲ್ಲಿ ನಿಮ್ಮ ಮುಖದಲ್ಲಿ ಏನಿದೆ ಅನ್ನುವುದೇ ಮುಂದಿನ ಅರ್ಧ ಗಂಟೆಯನ್ನು ತೀರ್ಮಾನಿಸಬಹುದು. ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದರೆ ಮಗುವಿಗೆ ನಿಮ್ಮ ಮುಖವೇ ಸಿಗುವುದಿಲ್ಲ. ಅಂಗಡಿಯಲ್ಲೂ ಬೀದಿಯಲ್ಲೂ ಫೋನ್ ಜೇಬಿನಲ್ಲಿರಲಿ.

ಎರಡು ವಾರ ಮೊದಲಿನ ಅಭ್ಯಾಸ

ಅಕ್ಟೋಬರ್ ನಡುವಿನಿಂದ ದಿನಕ್ಕೆ ಐದು ನಿಮಿಷ ಸಾಕು. ಮಗು ಉಂಡು, ನಿದ್ದೆ ಮುಗಿಸಿ ಗೆಲುವಾಗಿರುವ ಹೊತ್ತು ಆರಿಸಿಕೊಳ್ಳಿ. ಒಂದು ಸಾಧಾರಣ ಮುಖವಾಡ ತನ್ನಿ. ಬೆಕ್ಕೋ ಮೊಲವೋ ಇರಲಿ, ರಕ್ತ-ಹಲ್ಲು ಬೇಡ. ಕಣ್ಣಿನ ತೂತು ದೊಡ್ಡದಿದ್ದು ಬಾಯಿ ಮುಚ್ಚದಂಥದ್ದು ಒಳ್ಳೆಯದು. ಮೊದಲ ಎರಡು ಮೂರು ದಿನ ಅದು ನೆಲದ ಮೇಲೆ ಆಟಿಕೆಗಳ ನಡುವೆ ಸುಮ್ಮನೆ ಬಿದ್ದಿರಲಿ. ಮಗು ಎತ್ತಿಕೊಂಡರೆ ಎತ್ತಿಕೊಳ್ಳಲಿ, ತುಳಿದರೆ ತುಳಿಯಲಿ. ಆಮೇಲೆ ಅದನ್ನು ಕರಡಿ ಗೊಂಬೆಗೆ ತೊಡಿಸಿ ತೆಗೆಯಿರಿ. ಮುಂದೆ ನಿಮ್ಮ ಮೊಣಕಾಲಿಗೆ, ಹಣೆಗೆ. ಮುಖಕ್ಕೆ ಬರುವುದು ಕೊನೆಯಲ್ಲಿ.

ಆಗಲೂ ಮಗು ನೋಡುತ್ತಿದ್ದಂತೆಯೇ ನಿಧಾನವಾಗಿ ಹಾಕಿಕೊಳ್ಳಿ, ಹಾಕಿಕೊಳ್ಳುವಾಗ ಮಾತು ನಿಲ್ಲಿಸಬೇಡಿ. ಮುಖ ಮರೆಯಾದರೂ ದನಿ ಅಮ್ಮನದೇ, ಅಪ್ಪನದೇ ಎಂಬ ಎಳೆ ಕಡಿಯಬಾರದು. ಎರಡು ಸೆಕೆಂಡಿಗೆ ತೆಗೆಯಿರಿ. ಮರುದಿನ ಐದು ಸೆಕೆಂಡ್. ಮಗುವೇ ಕೈ ಹಾಕಿ ಎಳೆದು ತೆಗೆಯತೊಡಗಿತು ಎಂದರೆ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದ ಹಾಗೆ, ಏಕೆಂದರೆ ಬದಲಾವಣೆ ಈಗ ಅದರ ಕೈಯಲ್ಲಿದೆ. ಯಾವ ಹಂತದಲ್ಲಾದರೂ ಮಗು ಉಸಿರು ಬಿಗಿಹಿಡಿದು ಸೆಟೆದು ನಿಂತರೆ ಹಿಂದಿನ ಹಂತಕ್ಕೆ ಹೋಗಿ. ಅಳು ಬರುವವರೆಗೆ ಕಾಯಬೇಡಿ. ಭಯ ಅಳುವಿಗಿಂತ ಮೊದಲು ಮೈಯಲ್ಲಿ ಕಾಣುತ್ತದೆ. ಬಾಗಿಲ ಹಿಂದಿನಿಂದ “ಭೋ” ಎಂದು ಹಾರುವ ಅಣ್ಣಂದಿರಿದ್ದರೆ ಈ ಎರಡು ವಾರ ಅವರಿಗೆ ಬಿಗಿಯಾಗಿ ಹೇಳಿ. ಒಂದೇ ಒಂದು “ಭೋ” ಹತ್ತು ದಿನದ ಅಭ್ಯಾಸವನ್ನು ಅಳಿಸಿಬಿಡಬಲ್ಲದು.

ಮಗುವಿನ ವೇಷಕ್ಕೆ ಮುಖವಾಡವೇ ಬೇಡ. ಕಾಣುವುದೂ ಕಡಿಮೆ, ಉಸಿರಾಟಕ್ಕೂ ತೊಡಕು. ವೇಷದ ಬಟ್ಟೆಯನ್ನು ಒಂದು ವಾರ ಮೊದಲೇ ಮನೆಯಲ್ಲಿ ಹಾಕಿ ಆಡಲು ಬಿಡಿ. ಕುತ್ತಿಗೆಯ ಹತ್ತಿರದ ಚೀಟಿ ಚುಚ್ಚುತ್ತಿದ್ದರೆ ಕತ್ತರಿಸಿ. ಟೊಪ್ಪಿ ಒಲ್ಲೆ ಎಂದರೆ ಬಿಟ್ಟುಬಿಡಿ, ಕಿವಿಯಿಲ್ಲದ ಮೊಲವೂ ಮೊಲವೇ.

ಆ ಸಂಜೆ

ಅಮೆರಿಕದಲ್ಲಿ 2007ರಿಂದ, ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಮತ್ತೆ ಹಿಂದಕ್ಕೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ. ಹಾಗಾಗಿ ಹ್ಯಾಲೋವೀನ್ ಸಂಜೆ ಬೆಳಕು ಇನ್ನೂ ಸ್ವಲ್ಪ ಹೊತ್ತು ಇರುತ್ತದೆ; ನ್ಯೂಯಾರ್ಕಿನಲ್ಲಿ ಸೂರ್ಯ ಮುಳುಗುವುದು ಸುಮಾರು 5:50ಕ್ಕೆ. ಐದಕ್ಕೆ ಹೊರಟು ಕತ್ತಲಾಗುವ ಮುಂಚೆ ಮನೆ ಸೇರಿ. ಭೀಕರ ವೇಷದ ದೊಡ್ಡ ಹುಡುಗರು ಗುಂಪಾಗಿ ಬೀದಿಗಿಳಿಯುವುದು ಹೆಚ್ಚಾಗಿ ಕತ್ತಲಾದ ಮೇಲೆ. ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ, ಹೊರಡುವ ಮುಂಚೆ ಊಟ ಮಾಡಿಸಿ. ಸುಸ್ತಾದ ಮಗುವಿಗೆ ಎಲೆ ಅಲ್ಲಾಡಿದರೂ ಭಯ.

ನಾಲ್ಕೈದು ಮನೆ ಸಾಕು, ಅದೂ ಪರಿಚಯದವರದು. ಹಗಲಿನಲ್ಲೇ ಒಮ್ಮೆ ಆ ಬೀದಿಯಲ್ಲಿ ನಡೆದು ಯಾವ ಅಂಗಳದಲ್ಲಿ ಹೊಗೆ ಯಂತ್ರ ಇದೆ, ಯಾವ ಗೊಂಬೆ ಚಲಿಸುತ್ತದೆ ಎಂದು ನೋಡಿಡಿ. ಆ ಮನೆಗಳನ್ನು ರಸ್ತೆಯ ಆಚೆ ಬದಿಯಿಂದ ದಾಟಿ. ಬಾಗಿಲವರೆಗೆ ಹೋಗಲು ಮಗು ಒಪ್ಪದಿದ್ದರೆ ಗೇಟಿನಲ್ಲೇ ನಿಂತು ಕೈಬೀಸಿ ಬನ್ನಿ. ಕೈ ಹಿಡಿದು ದರದರ ಎಳೆದುಕೊಂಡು ಹೋಗುವುದು, “ಎಲ್ಲ ಮಕ್ಕಳೂ ಹೋಗ್ತಿದಾರೆ ನೋಡು” ಎನ್ನುವುದು ಎರಡೂ ಕೆಡಿಸುತ್ತವೆ. ಒಂದು ಟಾರ್ಚ್ ಮಗುವಿನ ಕೈಯಲ್ಲೇ ಇರಲಿ. ಕತ್ತಲ ಮೂಲೆಗೆ ತಾನೇ ಬೆಳಕು ಬಿಟ್ಟು ನೋಡುವ ಅಧಿಕಾರ ಸಣ್ಣದೇನಲ್ಲ.

ಹೆದರಿಯೇಬಿಟ್ಟರೆ

ತಕ್ಷಣ ಎತ್ತಿಕೊಳ್ಳಿ. ಎತ್ತಿಕೊಂಡರೆ ಪುಕ್ಕಲಾಗುತ್ತದೆ ಎಂಬುದು ತಪ್ಪು ಎಣಿಕೆ. ಹತ್ತು ಹದಿನೈದು ಹೆಜ್ಜೆ ದೂರ ಹೋಗಿ ನಿಲ್ಲಿ, ಪೂರ್ತಿ ಓಡಿಹೋಗಬೇಡಿ. ನೀವು ಓಡಿದರೆ ಅದು ನಿಜವಾಗಿಯೂ ಅಪಾಯ ಎಂದು ನೀವೇ ಸಾಕ್ಷಿ ಹೇಳಿದಂತೆ. ಮಗುವಿನ ಬೆನ್ನು ಆ ವಸ್ತುವಿನ ಕಡೆಗಿದ್ದರೆ ಹಿಂದೆ ಏನು ಬರುತ್ತಿದೆಯೋ ಎಂಬ ದಿಗಿಲು ಬೇರೆ. ಪಕ್ಕಕ್ಕೆ ತಿರುಗಿಸಿಕೊಂಡು, ನೋಡಬೇಕೆನಿಸಿದರೆ ನೋಡುವ ಹಾಗೆ, ಬೇಡವೆನಿಸಿದರೆ ನಿಮ್ಮ ಭುಜದಲ್ಲಿ ಮುಖ ಹುದುಗಿಸುವ ಹಾಗೆ ಹಿಡಿದುಕೊಳ್ಳಿ. ತಗ್ಗಿದ ದನಿಯಲ್ಲಿ ಪುಟ್ಟ ಮಾತುಗಳು: “ದೊಡ್ಡ ಸದ್ದು ಬಂತು. ಭಯ ಆಯ್ತು. ಅಮ್ಮ ಇದೀನಿ.” ಅಷ್ಟೇ. “ಏನೂ ಇಲ್ಲ, ಏನೂ ಇಲ್ಲ” ಎಂದರೆ ಕಣ್ಣಾರೆ ಕಂಡದ್ದನ್ನು ನೀವು ಸುಳ್ಳು ಎಂದ ಹಾಗಾಗುತ್ತದೆ.

ಅಳುವ ಬಾಯಿಗೆ ಮಿಠಾಯಿ ಇಟ್ಟು ಸುಮ್ಮನಾಗಿಸುವುದು ಬೇಡವೇ ಬೇಡ. ಬಿಕ್ಕುವಾಗ ಉಸಿರು ಒಳಗೆ ಎಳೆದುಕೊಳ್ಳುತ್ತದೆ, ಬಾಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗಬಹುದು. ಗಟ್ಟಿ ಮಿಠಾಯಿ, ಇಡೀ ಬೀಜಗಳು, ಪಾಪ್‌ಕಾರ್ನ್ ಇವನ್ನು ನಾಲ್ಕು ವರ್ಷದವರೆಗೆ ಶಾಂತವಾಗಿದ್ದಾಗಲೂ ಕೊಡಬಾರದು.

ರಾತ್ರಿ ಎರಡು ಬಗೆಯಲ್ಲಿ ಕಾಡಬಹುದು. ಮಲಗಿದ ಒಂದೆರಡು ಗಂಟೆಯಲ್ಲೇ ಕಿರುಚಿ ಎದ್ದು ಕೂತು, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದಿದ್ದರೆ ಅದು ನಿದ್ದೆಯೊಳಗಿನ ದಿಗಿಲು. ಎಬ್ಬಿಸಬೇಡಿ, ಬೀಳದ ಹಾಗೆ ನೋಡಿಕೊಂಡು ಕಾಯಿರಿ. ಬೆಳಿಗ್ಗೆ ಅದಕ್ಕೆ ನೆನಪಿರುವುದಿಲ್ಲ. ಬೆಳಗಿನ ಜಾವಕ್ಕೆ ಎಚ್ಚರಗೊಂಡು ನಿಮ್ಮನ್ನೇ ಕರೆದು ಅತ್ತರೆ ಕೆಟ್ಟ ಕನಸು. ಆಗ ಎತ್ತಿಕೊಂಡು ಸಂತೈಸಿ.

ಮರುದಿನದಿಂದ ಮಗು ಅದನ್ನೇ ಮತ್ತೆ ಮತ್ತೆ ಹೇಳಬಹುದು: “ದೆವ್ವ ಬಂತು, ಭೋ ಅಂತು.” ಬಾಯಿ ಮುಚ್ಚಿಸಬೇಡಿ. ಇಪ್ಪತ್ತು ಸಲ ಹೇಳಿದರೂ ಇಪ್ಪತ್ತು ಸಲ ಕೇಳಿ, ಪ್ರತಿ ಸಲ ಕೊನೆಯನ್ನು ನೀವು ಸೇರಿಸಿ: “ಆಮೇಲೆ ಅಪ್ಪ ಎತ್ಕೊಂಡ್ರು, ಮನೆಗೆ ಬಂದ್ವಿ, ಹಾಲು ಕುಡಿದ್ವಿ.” ಗೊಂಬೆಗಳಲ್ಲಿ ಅದನ್ನೇ ಆಡಿ, ದೆವ್ವದ ಪಾತ್ರವನ್ನು ಮಗುವೇ ವಹಿಸಲಿ. ಊಟ ಮಾಡದಿದ್ದರೆ ಆ ದೆವ್ವಕ್ಕೆ ಹಿಡಿದುಕೊಡುತ್ತೇನೆ ಎಂದು ಮಾತ್ರ ಯಾರೂ ಹೆದರಿಸಕೂಡದು, ಅಜ್ಜಿ-ತಾತ ಕೂಡ.

ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಎರಡು ಮೂರು ವಾರದಲ್ಲಿ ಇದು ಇಳಿಯುತ್ತದೆ. ಒಂದು ತಿಂಗಳಾದರೂ ಮಗು ಮನೆಯಿಂದ ಹೊರಬರಲು ಒಲ್ಲೆ ಎಂದರೆ, ನಿದ್ದೆ-ಊಟ ಕೆಟ್ಟೇ ಇದ್ದರೆ, ಕಲಿತ ಮಾತು ಬಿಟ್ಟರೆ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ಯಾವ ದಿನ ಏನು ಕಂಡು ಹೆದರಿತು, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.