ಫ್ರಾಗೊನಾರ್ ಚಿತ್ರ ಕಾಪಿ ಮಾಡ್ತಾ ಪೋರ್ಟ್ರೇಟ್ ಕಲಿಯೋದು ಹೇಗೆ?

ಆಯಿಲ್ ಪೇಂಟಲ್ಲಿ ಮುಖ ಬರೆಯೋದು ಕಲೀಬೇಕು ಅಂದ್ರೆ ದೊಡ್ಡ ಕಲಾವಿದರ ಚಿತ್ರ ಮುಂದಿಟ್ಕೊಂಡು ಕಾಪಿ ಮಾಡಿ, ಇದಕ್ಕಿಂತ ಒಳ್ಳೆ ದಾರಿ ನನಗಂತೂ ಗೊತ್ತಿಲ್ಲ. ಶುರು ಮಾಡೋಕೆ ಫ್ರಾನ್ಸಿನ ಫ್ರಾಗೊನಾರ್ 1769ರ ಸುಮಾರಿಗೆ ಬರೆದ 'ಓದುತ್ತಿರುವ ಹುಡುಗಿ' ತಗೊಳ್ಳಿ. ರೊಕೊಕೊ (ಫ್ರಾಗೊನಾರ್ ಕಾಲದ ಅಲಂಕಾರದ ಚಿತ್ರಶೈಲಿ) ಅಂದ್ರೆ ಬರೀ ಲೇಸು, ನಾಜೂಕು ಅಂದ್ಕೊಂಡವರು ಇದನ್ನ ಝೂಮ್ ಮಾಡಿ ನೋಡ್ಬೇಕು, ಬ್ರಷ್ ಎಷ್ಟು ಜೋರಾಗಿ ಓಡಿದೆ ಅಂತ ಗೊತ್ತಾಗುತ್ತೆ! ಚಿತ್ರ ಇರೋದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟಲ್ಲಿ, ಅವರ ವೆಬ್‌ಸೈಟಲ್ಲಿ ದೊಡ್ಡ ಫೈಲ್ ಫ್ರೀ. ಮುಖ ಪಕ್ಕದಿಂದ ಕಾಣೋದ್ರಿಂದ ಎರಡು ಕಣ್ಣು ಸರಿಹೊಂದಿಸೋ ತಲೆನೋವೂ ಇಲ್ಲ.

ಮೂಲದ ಅಳತೆ 81.1 x 64.8 ಸೆಂ.ಮೀ., ಹಾಗಾಗಿ 20 x 16 ಇಂಚಿನ ಕ್ಯಾನ್ವಾಸ್ ಸರಿಯಾಗಿ ಹೊಂದುತ್ತೆ. ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣವನ್ನ ಟರ್ಪೆಂಟೈನಲ್ಲಿ ತೆಳು ಮಾಡಿ ಪೂರ್ತಿ ಬಳಿದು, ಬಟ್ಟೇಲಿ ಒರೆಸಿ ಒಣಗೋಕೆ ಬಿಡಿ. ಆಮೇಲೆ ಅದೇ ಬಣ್ಣದಲ್ಲಿ ಬ್ರಷ್ಷಿಂದಾನೇ ಸ್ಕೆಚ್.

ಈಗ ಕಣ್ಣು ಕಿರಿದು ಮಾಡಿ ನೋಡಿ. ರೆಪ್ಪೆ, ತುಟಿ ಎಲ್ಲ ಮರೆತು ಗೋಡೆ, ದಿಂಬು, ಹಳದಿ ಡ್ರೆಸ್ಸು, ಮುಖ ಇಷ್ಟೇ ದೊಡ್ಡ ಭಾಗಗಳಾಗಿ ನೋಡಿ, ಯಾವುದು ಎಷ್ಟು ಕತ್ತಲೆ ಯಾವುದು ಎಷ್ಟು ಬೆಳಕು ಅನ್ನೋದನ್ನ ಮೊದಲು ಕೂರಿಸಿ, ಇದು ತಪ್ಪಿದ್ರೆ ಮುಂದೆ ಮೂಗು ಎಷ್ಟು ಚೆನ್ನಾಗಿ ಬರೆದ್ರೂ ಮುಖ ನಿಲ್ಲಲ್ಲ. ಹಳದಿಯ ನೆರಳಿಗೆ ಕಪ್ಪು ಹಾಕ್ಬೇಡಿ, ಹಸಿರಾಗಿಬಿಡುತ್ತೆ. ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸಾಕು. ಚರ್ಮಕ್ಕೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಸ್ವಲ್ಪ ಕೆಂಪು, ಕೆನ್ನೇಲಿ ಮಾತ್ರ ಕೆಂಪು ಜಾಸ್ತಿ. ಮೇಲಿನ ಪದರಗಳಿಗೆ ಹೋಗ್ತಾ ಲಿನ್‌ಸೀಡ್ ಆಯಿಲ್ (ಅಗಸೆ ಎಣ್ಣೆ) ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ, ಇಲ್ಲಾಂದ್ರೆ ಮುಂದೆ ಬಿರುಕು ಬಿಡುತ್ತೆ.

ಈ ಚಿತ್ರದಲ್ಲಿ ನನಗೆ ಅತಿ ಇಷ್ಟ ಆ ಕುತ್ತಿಗೆ ಸುತ್ತಲಿನ ಬಿಳಿ ಕಾಲರ್. ಅದರ ನೆರಿಗೆಗಳನ್ನ ಫ್ರಾಗೊನಾರ್ ಬ್ರಷ್ಷಿನ ಹಿಡಿ ತಿರುಗಿಸಿ, ಮರದ ತುದಿಯಿಂದ ಹಸಿ ಬಣ್ಣದಲ್ಲೇ ಗೀಚಿದ್ದಾನೆ. ನೀವೂ ಬಿಳಿಯನ್ನ ದಪ್ಪಕ್ಕೆ ಹಾಕಿ ಒಣಗೋಕೆ ಮುಂಚೆ ಹಾಗೇ ಗೀಚಿ, ಒಂದೊಂದು ಗೀಟೂ ಒಂದೇ ಏಟಿಗೆ, ಮತ್ತೆ ತಿದ್ದೋಕೆ ಹೋದ್ರೆ ಕೆಸರಾಗುತ್ತೆ.

ಮುಖ ಕೆಟ್ರೆ ಧೈರ್ಯವಾಗಿ ಒರೆಸಿ ಮತ್ತೆ ಬರೀರಿ. ಎಕ್ಸ್‌ರೇ ತೆಗೆದಾಗ ಈ ಹುಡುಗಿಯ ಕೆಳಗೆ ನಮ್ಮ ಕಡೆ ತಿರುಗಿರೋ ಬೇರೇನೇ ಮುಖ ಸಿಕ್ಕಿದೆ, ಫ್ರಾಗೊನಾರೇ ಅದನ್ನ ಮುಚ್ಚಿ ಇವಳನ್ನ ಬರೆದಿದ್ದು.

ಕೆಲಸ ಮಾಡುವಾಗ ಕಿಟಕಿ ತೆಗೆದಿರಲಿ. ಎಣ್ಣೆ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಬಿಸಾಕ್ಬೇಡಿ, ತಾನಾಗೇ ಬೆಂಕಿ ಹತ್ತಬಹುದು, ಹೊರಗೆ ಹರಡಿ ಒಣಗಿಸಿ. ವಾರ್ನಿಷ್‌ಗೆ ಆರು ತಿಂಗಳಾದ್ರೂ ಕಾಯಿರಿ.